ನದಿಗೆ ಉಪ್ಪು ಬರುವ ದಾರಿ: ಡೋಣಿಯ ಸವಳು ಮತ್ತು ಅದನ್ನು ತಡೆಯುವ ಉಪಾಯ

ನಮ್ಮ ಜತ್ತ ತಾಲ್ಲೂಕಿನ ಮಳೆನೀರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸಂಖದ ಬೋರ್ ನದಿ ಭೀಮೆಯತ್ತ ಸಾಗುತ್ತದೆ. ಇದೇ ತಾಲ್ಲೂಕಿನಲ್ಲಿ ಹುಟ್ಟುವ ಡೋಣಿ ಗಡಿ ದಾಟಿ ವಿಜಯಪುರ ಜಿಲ್ಲೆಯನ್ನು ಹಾಯ್ದು, ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಮಾತು ಆ ಎರೆಭೂಮಿಯ ಹಿರಿಮೆಯನ್ನು ಸಾರುತ್ತದೆ. ನದಿಯ ನೀರು ಮಾತ್ರ ಸವಳು. ಬ್ರಿಟಿಷರ ಕಾಲದ ಗ್ಯಾಝೆಟಿಯರಿನಲ್ಲಿಯೂ ಅದು ಉಪ್ಪುನೀರೆಂದೇ ದಾಖಲಾಗಿದೆ. ದೊಡ್ಡ ಕಾಲುವೆಗಳಾಗಲಿ ಕಾರ್ಖಾನೆಗಳಾಗಲಿ ಇಲ್ಲದ ಕಾಲದ ಮಾತಿದು. ಆದ್ದರಿಂದ ಈ ಉಪ್ಪಿನ ಮೂಲವನ್ನು ನೆಲದಲ್ಲಿಯೇ ಹುಡುಕಬೇಕು.

ಕಪ್ಪು ಕಲ್ಲು ಸವೆದು ಎರೆಮಣ್ಣಾಗುವಾಗ ಅದರೊಳಗಿನ ಲವಣಗಳು ಬಿಡುಗಡೆಯಾಗುತ್ತವೆ. ಮಳೆ ಹೆಚ್ಚಿರುವ ನಾಡಿನಲ್ಲಿ ಅವು ತೊಳೆದುಹೋಗುತ್ತವೆ. ಮಳೆ ಕಡಿಮೆಯಿರುವ ನಮ್ಮಲ್ಲಿ, ನೀರನ್ನು ಬೇಗ ಬಿಟ್ಟುಕೊಡದ ಜಿಗುಟು ಮಣ್ಣಿನಲ್ಲಿ, ಅಲ್ಲಿಯೇ ಉಳಿಯುತ್ತವೆ. ಮಳೆಗಾಲದ ಹೊಳೆ ಈ ಉಪ್ಪನ್ನು ತೆಳುವಾಗಿಸುತ್ತದೆ. ಮಳೆ ನಿಂತ ಮೇಲೆ ಹಳ್ಳದಲ್ಲಿ ಹರಿಯುವುದು ದಂಡೆಯಿಂದ ಒಸರುವ ಅಂತರ್ಜಲ ಮಾತ್ರ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ.

ಕೆಲವು ದೇಶಗಳಲ್ಲಿ ಇಂಥ ಉಪ್ಪು ಕಣ್ಣಿಗೆ ಕಾಣುವ ಒಂದೇ ಒರತೆಯಿಂದ ಬರುತ್ತದೆ. ಅಮೆರಿಕದ ಟೆಕ್ಸಸ್ ರಾಜ್ಯದ ಎಸ್ಟೆಲಿನ್ ಎಂಬಲ್ಲಿ ಒಂದು ಖನಿಜ ಒರತೆ ದಿನಕ್ಕೆ ಸುಮಾರು 300 ಟನ್ ಉಪ್ಪಿನ ಅಂಶವನ್ನು ರೆಡ್ ನದಿಯ ಕವಲಿಗೆ ಸೇರಿಸುತ್ತಿತ್ತು. 1964ರಲ್ಲಿ ಅದರ ಸುತ್ತ ಬಳೆಯಾಕಾರದ ಮಣ್ಣಿನ ಕಟ್ಟೆ ಕಟ್ಟಿದರು. ಒಳಗೆ ನಿಂತ ನೀರಿನ ಭಾರವೇ ಒರತೆಯನ್ನು ಅದುಮಿ ಹಿಡಿಯಿತು. ಉಪ್ಪಿನ ಬಹುಪಾಲು ನದಿಗೆ ಸೇರುವುದು ನಿಂತಿತು. ನಮಗೆ ತಿಳಿದ ಉಪಾಯಗಳಲ್ಲಿ ಇಷ್ಟು ಸರಳವಾದುದು ಬೇರೊಂದಿಲ್ಲ.

ಕೊಲರಾಡೊ ನದಿಯ ಕಥೆ ಗಡಿನಾಡಿನವರು ಗಮನಿಸಬೇಕಾದದ್ದು. 1961ರಿಂದ ಅಮೆರಿಕದ ಅರಿಝೋನಾದ ಹೊಲಗಳ ಬಸಿನೀರು ನದಿಗೆ ಸೇರತೊಡಗಿ, ಕೆಳಗಿನ ಮೆಕ್ಸಿಕೋದ ರೈತರ ಬೆಳೆ ಹಾಳಾಯಿತು. ದೀರ್ಘ ತಕರಾರಿನ ಬಳಿಕ 1973ರಲ್ಲಿ ಎರಡೂ ದೇಶಗಳು ಗಡಿ ದಾಟುವ ನೀರಿನ ಉಪ್ಪಿಗೆ ಮಿತಿ ಹಾಕಿಕೊಂಡವು. 1974ರಲ್ಲಿ ಅಮೆರಿಕ ಅದಕ್ಕಾಗಿ ಕಾಯಿದೆ ಮಾಡಿತು. ಹೊಲದ ಉಪ್ಪಿನೊಂದಿಗೆ ನೈಸರ್ಗಿಕ ಉಪ್ಪಿನ ಮೇಲೂ ಕಣ್ಣು ಬಿತ್ತು. ಪ್ಯಾರಡಾಕ್ಸ್ ಕಣಿವೆಯಲ್ಲಿ ಸಮುದ್ರದ ನೀರಿಗಿಂತ ಸುಮಾರು ಏಳು ಪಟ್ಟು ಉಪ್ಪಾದ ಅಂತರ್ಜಲ ಡೊಲೊರೆಸ್ ನದಿಗೆ ಒಸರುತ್ತದೆ. ನದಿ ಮುಟ್ಟುವ ಮೊದಲೇ ಅದನ್ನು ಕೊಳವೆಬಾವಿಗಳಿಂದ ಎತ್ತಿ, ನಾಲ್ಕು ಕಿಲೋಮೀಟರಿಗೂ ಆಳದ ಬಂಡೆಯೊಳಗೆ ತುಂಬಿ, ವರ್ಷಕ್ಕೆ ಒಂದು ಲಕ್ಷ ಟನ್ನಿನಷ್ಟು ಉಪ್ಪು ನದಿ ಸೇರದಂತೆ ತಡೆದರು. ಬಂಡೆ ತನ್ನ ಬೆಲೆ ಕೇಳಿತು: ಸಾವಿರಾರು ಸಣ್ಣ ಕಂಪನಗಳಾಗಿ, 2019ರ ಮಾರ್ಚಿಯಲ್ಲಿ 4.5 ತೀವ್ರತೆಯ ಭೂಕಂಪದ ಬಳಿಕ ಪಂಪನ್ನು ನಿಲ್ಲಿಸಬೇಕಾಯಿತು. ಆಸ್ಟ್ರೇಲಿಯಾದ ಮರ್ರೆ ನದಿಯ ದಂಡೆಯಲ್ಲಿ ಸವಳು ಅಂತರ್ಜಲವನ್ನು ಹೀಗೆಯೇ ಎತ್ತಿ, ದೂರದ ಹೊಂಡಗಳಲ್ಲಿ ಬಿಸಿಲಿಗೆ ಒಣಗಿಸುತ್ತಾರೆ.

ಡೋಣಿಗೆ ಇಂಥ ಒಂದು ಬಾಯಿ ಇಲ್ಲ. ಅದರ ಉಪ್ಪು ಕಣಿವೆಯುದ್ದಕ್ಕೂ ಒಸರುತ್ತದೆ. ಕಟ್ಟೆ ಕಟ್ಟಲು ಜಾಗವಿಲ್ಲ, ಪಂಪು ಇಡಲು ಲೆಕ್ಕ ಸಿಗದು. ಇಲ್ಲಿ ಮಾಡಬಹುದಾದದ್ದು ಎರಡೇ: ಮಳೆಗಾಲದ ಸಿಹಿನೀರನ್ನು ಮೇಲ್ಭಾಗದ ಕೆರೆ, ಒಡ್ಡುಗಳಲ್ಲಿ ಹಿಡಿಯುವುದು, ಕೆಳಗಿನ ಉಪ್ಪನ್ನು ಕೆದಕದಿರುವುದು.

ಎರಡನೆಯದು ಈಗ ತುರ್ತಿನದು. ಬರದಲ್ಲಿ ಬೆಂದ ನಮ್ಮ ತಾಲ್ಲೂಕಿಗೆ ಮ್ಹೈಸಾಳ ಯೋಜನೆಯ ಕೃಷ್ಣಾ ನೀರು ಬರಬೇಕೆಂಬುದು ದಶಕಗಳ ಬೇಡಿಕೆ. ನಾವೂ ಅದನ್ನೇ ಬರೆಯುತ್ತ ಬಂದಿದ್ದೇವೆ. ಆದರೆ ನಮ್ಮದೇ ಸಾಂಗಲಿ ಜಿಲ್ಲೆಯ ಮಿರಜ, ವಾಳವಾ ಕಡೆಯ ಕಬ್ಬಿನ ಹೊಲಗಳನ್ನು ನೋಡಿ ಬರಬೇಕು. ನೀರು ಹೆಚ್ಚಾಗಿ, ಬಸಿಯಲು ದಾರಿಯಿಲ್ಲದೆ ಅಂತರ್ಜಲ ಮೇಲೆದ್ದು, ನೆಲ ಬೆಳ್ಳಗೆ ಸವಳಾಗಿದೆ. ಕಸಬೆ ಡಿಗ್ರಜದ ಕೃಷಿ ಸಂಶೋಧನಾ ಕೇಂದ್ರವು ನೆಲದಡಿ ರಂಧ್ರದ ಕೊಳವೆ ಹೂತು ನೀರು ಬಸಿಯುವ ವಿಧಾನದಲ್ಲಿ ಕೆಲಸ ಮಾಡುತ್ತಿದೆ. ಕೆಟ್ಟ ಮೇಲೆ ಕೊಳವೆ ಹೂಳುವುದಕ್ಕಿಂತ ಮೊದಲೇ ಹನಿ ನೀರಾವರಿ ಮಾಡಿ, ಬಸಿಗಾಲುವೆ ತೋಡುವುದು ಅಗ್ಗ. ಆ ಬಸಿನೀರು ಕೊನೆಗೆ ಸೇರುವುದು ಇಳಿಜಾರಿನ ಹಳ್ಳಕ್ಕೆ, ಡೋಣಿಯ ಕಡೆಯಾದರೆ ತಾಳಿಕೋಟೆಯ ಸೀಮೆಗೆ, ಎಂಬುದನ್ನೂ ನೀರು ಬರುವ ಮೊದಲೇ ಎರಡೂ ರಾಜ್ಯಗಳು ಕೂತು ಮಾತಾಡಿಕೊಳ್ಳಬೇಕು.

ಮನೆಯ ಮಟ್ಟಿಗೆ ಒಂದು ಮಾತು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪು ಹೋಗದು, ಪಟಿಕದಿಂದಲೂ ಹೋಗದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕರಗಿದ ಘನವಸ್ತುಗಳ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2000. ಶಾಲೆಯಲ್ಲೊಂದು ಟಿಡಿಎಸ್ ಮಾಪಕವಿದ್ದರೆ ಮಕ್ಕಳು ತಮ್ಮೂರ ಬಾವಿ, ಕೆರೆ, ಹಳ್ಳದ ನೀರನ್ನು ಶ್ರಾವಣದಲ್ಲೊಮ್ಮೆ, ಚೈತ್ರದಲ್ಲೊಮ್ಮೆ ಅಳೆದು ವಹಿಯಲ್ಲಿ ಬರೆದಿಡಬಹುದು. ಕಾಲುವೆ ನೀರು ಬಂದ ಐದು ವರ್ಷಗಳ ನಂತರ ಹೋಲಿಸಿ ನೋಡಲು ಆ ವಹಿ ಬೇಕಾಗುತ್ತದೆ.