ಹೊಗೆಯ ವೃತ್ತ, ಬೆಂಕಿಯ ವೃತ್ತ

ಶ್ರೀರಾಮನಗರವನ್ನೊಳಗೊಂಡ ಗಂಗಾವತಿ ಸೀಮೆಯಲ್ಲಿ, ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ಮೇಲೆ ಒಂಬತ್ತು ಬೃಂದಾವನಗಳಿರುವುವು. ಅವುಗಳಲ್ಲೊಂದು ಕ್ರಿ. ಶ. 1539ರಲ್ಲಿ ನಿರ್ಯಾಣ ಹೊಂದಿದ ವ್ಯಾಸತೀರ್ಥರದು. ಯಾತ್ರಿಕರು ಅವರನ್ನು ಹರಿದಾಸರ ಗುರುಗಳೆಂದು ವಂದಿಸುವರು. ‘ತರ್ಕತಾಂಡವ’ವನ್ನು ರಚಿಸಿದ ತಾರ್ಕಿಕರೆಂದು ನೆನೆಯುವವರು ವಿರಳ.

ಆ ತರ್ಕಪರಂಪರೆಯ ಕೈಪಿಡಿಯೆಂದರೆ 14ನೆಯ ಶತಮಾನದ ಜಯತೀರ್ಥರ ‘ಪ್ರಮಾಣಪದ್ಧತಿ’. ಎರಡು ಧರ್ಮಗಳಿಗಿರುವ ಸಂಬಂಧವನ್ನು ಅಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿದೆ. ವೇದನಿಷಿದ್ಧವಾದುದೂ ಪಾಪಸಾಧನವಾದುದೂ ಒಂದನ್ನೊಂದು ಪೂರ್ತಿಯಾಗಿ ವ್ಯಾಪಿಸಿರುವುವು. ಹೊಗೆಯುಳ್ಳದ್ದೆಲ್ಲವೂ ಬೆಂಕಿಯುಳ್ಳದ್ದೇ, ಆದರೆ ಬೆಂಕಿಯುಳ್ಳದ್ದೆಲ್ಲವೂ ಹೊಗೆಯುಳ್ಳದ್ದಲ್ಲ, ಕಾದ ಕಬ್ಬಿಣದ ಗುಂಡೇ ಇದಕ್ಕೆ ಸಾಕ್ಷಿ. ಗೋತ್ವವೂ ಅಶ್ವತ್ವವೂ ಎಲ್ಲಿಯೂ ಕೂಡವು. ಅಡಿಗೆ ಮಾಡುವವರೂ ಗಂಡಸರೂ ಕೆಲವೆಡೆ ಒಂದಾಗುವರು, ಕೆಲವೆಡೆ ಬೇರೆಯಾಗುವರು. ಮದುವೆಮನೆಯ ಅಡಿಗೆಭಟ್ಟರನ್ನು ಕಂಡವರಿಗೆ ಈ ಕೊನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುರೋಪಿನಲ್ಲಿ ಇಂತಹ ಸಂಬಂಧಗಳನ್ನು ಆಯ್ಲರನು, 1768ರಿಂದ ಅಚ್ಚಾಗತೊಡಗಿದ ತನ್ನ ಪತ್ರಗಳಲ್ಲಿ, ವೃತ್ತಗಳಿಂದ ತೋರಿಸಿದನು. 1880ರಲ್ಲಿ ಕೇಂಬ್ರಿಜ್ಜಿನ ಜಾನ್ ವೆನ್ನನು ಬೇರೊಂದು ಕ್ರಮವನ್ನು ಹಿಡಿದನು. ಮೊದಲು ವೃತ್ತಗಳನ್ನು ಒಂದರ ಮೇಲೊಂದು ಬರುವಂತೆ ಬರೆದು, ಬಳಿಕ ಇಲ್ಲವೆಂದು ತಿಳಿದ ಭಾಗಕ್ಕೆ ಮಸಿ ಬಳಿಯುವುದು. ವಾಕ್ಯಗಳನ್ನೂ ಹೀಗೆಯೇ ಕಾಣಬಹುದು. ‘ಹೊಗೆಯಿದೆ’ ಎಂಬುದು ಸತ್ಯವಾಗುವ ಸಂದರ್ಭಗಳೆಲ್ಲ ಒಂದು ವೃತ್ತ. ‘ಬೆಂಕಿಯಿದೆ’ ಎಂಬುದರವು ಇನ್ನೊಂದು. ‘ಮತ್ತು’ ಎಂದರೆ ಎರಡೂ ಕೂಡುವ ಭಾಗ. ‘ಅಥವಾ’ ಎಂದರೆ ಆ ಭಾಗವೂ ಸೇರಿ ಎರಡು ವೃತ್ತಗಳೂ. ‘ಇಲ್ಲ’ ಎಂದರೆ ವೃತ್ತದ ಹೊರಗು. ‘ಹೊಗೆಯಿದ್ದರೆ ಬೆಂಕಿಯಿದೆ’ ಎಂಬಲ್ಲಿ ಬೆಂಕಿಯಿಲ್ಲದ ಹೊಗೆಯ ಭಾಗವೊಂದೇ ಕಪ್ಪಾಗುವುದು. ಹೊಗೆಯೂ ಬೆಂಕಿಯೂ ಇಲ್ಲದ ಕೊಳವು ಹೊರಗೆ ಬೆಳ್ಳಗೆ ಉಳಿಯುವುದು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ನಮ್ಮ ತಾರ್ಕಿಕರಾದರೋ ‘ಬೆಂಕಿಯಿಲ್ಲದೆಡೆ ಹೊಗೆಯಿಲ್ಲ’ ಎಂಬ ವ್ಯತಿರೇಕಕ್ಕೆ ಆ ಕೊಳವನ್ನೇ ದೃಷ್ಟಾಂತವಾಗಿ ಕೊಟ್ಟರು. ಅನ್ವಯವಾಕ್ಯಕ್ಕೂ ವ್ಯತಿರೇಕವಾಕ್ಯಕ್ಕೂ ಮಸಿ ಬೀಳುವುದು ಒಂದೇ ಭಾಗಕ್ಕೆ.

ಇಷ್ಟರಿಂದ ವೆನ್ನನ ಚಿತ್ರವು ನಮ್ಮಲ್ಲಿ ಮೊದಲೇ ಇದ್ದಿತೆಂದು ಬೀಗುವುದು ಸಲ್ಲದು. ಜಯತೀರ್ಥರು ಹೇಳಿದುದು ಮಾತಿನಲ್ಲಿ, ವೃತ್ತಗಳಲ್ಲಲ್ಲ. ಅಲ್ಲದೆ ವ್ಯಾಪ್ತಿಯೆಂಬುದು ಬರಿಯ ‘ಆದರೆ’ಯಲ್ಲ, ಅದು ತಪ್ಪದ ನಿಯಮವಾಗಿರಬೇಕು. ಆದುದರಿಂದಲೇ ಅವರು ‘ಉಪಾಧಿ’ಯನ್ನು ಹುಡುಕಿದರು. ಬೆಂಕಿಯಿದ್ದೆಡೆಯೆಲ್ಲ ಹೊಗೆಯೆಂದು ಅಡಿಗೆಮನೆಯಲ್ಲಿ ತೋರುವುದು ಹಸಿ ಸೌದೆಯ ದೆಸೆಯಿಂದ. ಇದನ್ನು ಬರೆದು ತೋರಿಸಲು ಹಸಿ ಸೌದೆಗೆ ಮೂರನೆಯ ವೃತ್ತವು ಬೇಕು. ಕಬ್ಬಿಣದ ಗುಂಡು ಬೆಂಕಿಯ ವೃತ್ತದೊಳಗೆ, ಆ ಮೂರನೆಯದರ ಹೊರಗೆ ಕುಳಿತಿರುವುದು.