ಕಣ್ಣು ಉಳಿಯುತ್ತದೆಯೇ?

ನಮ್ಮ ಮಾವಳ್ಳಿಯ ಕಡೆ ಕಣ್ಣಿಗೆ ಪೆಟ್ಟಾಗಲು ದೊಡ್ಡ ಕಾರಣವೇನೂ ಬೇಕಿಲ್ಲ. ಮಕ್ಕಳ ಚಿನ್ನಿದಾಂಡು ಸಾಕು, ದೀಪಾವಳಿಯ ಒಂದು ಪಟಾಕಿ ಸಾಕು. ಹಿಂದೆಲ್ಲ ಅಜ್ಜಿಯಂದಿರು ನಂದಿಬಟ್ಟಲು ಹೂವಿನ ರಸವನ್ನೋ ಎದೆಹಾಲನ್ನೋ ಕಣ್ಣಿಗೆ ಬಿಟ್ಟು ಎರಡು ದಿನ ಕಾಯುತ್ತಿದ್ದರು. ಈಗ ನೂರು ಕಿಲೋಮೀಟರಿನ ಆಸುಪಾಸಿನ ಮಣಿಪಾಲಕ್ಕೆ ಓಡುತ್ತೇವೆ. ಎಲ್ಲಿಗೆ ಓಡಿದರೂ ತಾಯಿಯಾದವಳು ಕೇಳುವುದು ಒಂದೇ ಮಾತು: “ಕಣ್ಣು ಉಳಿಯುತ್ತದೆಯೇ ಡಾಕ್ಟ್ರೇ?”

ಈ ಮಾತಿಗೆ ಲೆಕ್ಕ ಹಾಕಿ ಉತ್ತರ ಕೊಡಲು ವೈದ್ಯಶಾಸ್ತ್ರಕ್ಕೆ ಬಹಳ ಕಾಲವೇ ಹಿಡಿಯಿತು.

1812ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ, ಕುದುರೆಯ ಜೀನು ಹೊಲಿಯುವವನ ಮೂರು ವರ್ಷದ ಮಗ ಅಪ್ಪನ ದಬ್ಬಳ ಹಿಡಿದು ಆಡುತ್ತ ಕಣ್ಣಿಗೆ ಚುಚ್ಚಿಕೊಂಡ. ಕೆಟ್ಟಿದ್ದು ಒಂದು ಕಣ್ಣು. ಆದರೆ ಐದು ವರ್ಷ ತುಂಬುವ ಹೊತ್ತಿಗೆ ಇನ್ನೊಂದೂ ಹೋಯಿತು. ಮುಂದೆ ಕುರುಡರಿಗೆ ಓದಲು ಕಲಿಸಿದ ಲೂಯಿ ಬ್ರೈಲ್ ಈ ಹುಡುಗನೇ. ಗಾಯವಾದ ಕಣ್ಣಿನಿಂದಾಗಿ ಒಳ್ಳೆಯ ಕಣ್ಣೂ ಕೆಡುವ ಕಾಯಿಲೆಯೊಂದುಂಟು. ಅಪರೂಪದ್ದು. ಆದರೆ ಅದರ ಭಯಕ್ಕೇ ವೈದ್ಯರು ಬಹುಕಾಲ, ಮತ್ತೆ ಕಾಣುವ ಭರವಸೆಯಿಲ್ಲದ ಕಣ್ಣನ್ನು ಎರಡು ವಾರದೊಳಗೆ ತೆಗೆದುಬಿಡುತ್ತಿದ್ದರು. ಹಾಗಾಗಿ “ಉಳಿಯುತ್ತದೆಯೇ” ಎಂಬುದು ಬರಿಯ ಸಮಾಧಾನದ ಪ್ರಶ್ನೆಯಾಗಿರಲಿಲ್ಲ. ತಪ್ಪು ಊಹಿಸಿದರೆ ಉಳಿಯಬಹುದಾದ ಕಣ್ಣೇ ಹೋಗುತ್ತಿತ್ತು.

1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ನೋಡುವ ಉಪಕರಣ ಮಾಡಿದ. 1862ರಲ್ಲಿ ಸ್ನೆಲೆನ್ ಅಕ್ಷರಗಳ ಪಟ್ಟಿ ತಂದ. ಕನ್ನಡಕದ ಡಾಕ್ಟರ ಗೋಡೆಯ ಮೇಲೆ ನಾವೆಲ್ಲ ಓದಿದ್ದೇವಲ್ಲ, ಅದೇ. ಅಲ್ಲಿಂದ ನೋಟಕ್ಕೊಂದು ಅಂಕಿ ಬಂತು. ನಮ್ಮ ಬೆಂಗಳೂರಿನಲ್ಲಿ 1896ರಲ್ಲಿ ಶುರುವಾದ ಕಣ್ಣಾಸ್ಪತ್ರೆ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದು ಮಿಂಟೋ ಆಸ್ಪತ್ರೆಯಾಯಿತು. ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನೋಡುತ್ತ ನಿಂತ ಮಕ್ಕಳೂ ಪ್ರತಿ ದೀಪಾವಳಿಗೆ ಅಲ್ಲಿಗೆ ಬರುತ್ತಾರೆ.

ಆದರೂ ಒಳಗೆ ರಕ್ತ ತುಂಬಿದ ಕಣ್ಣಿನ ಮುಂದೆ ವೈದ್ಯರು ಕೈಚೆಲ್ಲುತ್ತಿದ್ದರು. 1961ರಲ್ಲಿ ಇಂಗ್ಲೆಂಡಿನಲ್ಲಿ ಕಾರು ಅಪಘಾತವಾಗಿ ಪಟೌಡಿಯ ನವಾಬರ ಬಲಗಣ್ಣಿಗೆ ಗಾಜು ಹೊಕ್ಕಿತು. (ಶರ್ಮಿಳಾ ಟಾಗೋರರ ಗಂಡ ಎಂದರೆ ನಮಗೆ ಬೇಗ ಗುರುತು ಸಿಕ್ಕೀತು!) ಆ ಕಣ್ಣಿನ ನೋಟ ಹೋಯಿತು. ಆರೇ ತಿಂಗಳಲ್ಲಿ ಅವರು ಭಾರತಕ್ಕೆ ಟೆಸ್ಟ್ ಆಡಿದ್ದು ಬೇರೆ ಮಾತು. ಕಣ್ಣಿನ ಹಿಂಭಾಗದೊಳಗೆ ಸಣ್ಣ ಉಪಕರಣ ತೂರಿಸಿ ರಕ್ತವನ್ನು ಹೊರತೆಗೆಯುವ ಶಸ್ತ್ರಕ್ರಿಯೆಯನ್ನು ಮ್ಯಾಕೆಮರ್ ಎಂಬ ವೈದ್ಯ ರೂಢಿಗೆ ತಂದದ್ದು 1970ರ ನಂತರ.

ಇನ್ನು ಲೆಕ್ಕದ ಮಾತು. 2002ರಲ್ಲಿ ಫೆರೆಂಕ್ ಕೂನ್ ಎಂಬ ವೈದ್ಯ ಮತ್ತು ಜೊತೆಗಾರರು ಅಮೆರಿಕ, ಹಂಗೆರಿ ದೇಶಗಳ 2,500ಕ್ಕೂ ಹೆಚ್ಚು ಕಣ್ಣಿನ ಗಾಯಗಳನ್ನು ಜಾಲಾಡಿ ಒಂದು ಅಂಕಪಟ್ಟಿ ಮಾಡಿದರು. ಮೇಷ್ಟರಾದ ನಮ್ಮದಕ್ಕಿಂತ ಇದು ತಲೆಕೆಳಗು. ಮೊದಲು ಅಂಕ ಕೊಟ್ಟು ಆಮೇಲೆ ಕಳೆಯುವುದು. ಪೆಟ್ಟಾದ ಕೂಡಲೆ ಬೆಳಕೂ ಕಾಣದ ಕಣ್ಣಿಗೆ 60, ಚೆನ್ನಾಗಿ ಕಾಣುವ ಕಣ್ಣಿಗೆ 100. ಗುದ್ದಿಗೆ ಗುಡ್ಡೆ ಒಡೆದಿದ್ದರೆ 23 ಕಳೆಯಬೇಕು. ಒಳಗೆ ಕೀವಾಗಿದ್ದರೆ 17. ಚುಚ್ಚಿದ್ದು ಗುಡ್ಡೆಯ ಆಚೆ ಬದಿಗೆ ಹಾದಿದ್ದರೆ 14. ಹಿಂದಿನ ಪರದೆ ಕಳಚಿದ್ದರೆ 11. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸುವಾಗ ಪೆಟ್ಟಾದ ಕಣ್ಣಿನ ಪಾಪೆ ಕಿರಿದಾಗದೆ ಅರಳಿದರೆ 10. ಉಳಿದದ್ದು 44ಕ್ಕಿಂತ ಹೆಚ್ಚಿಲ್ಲವಾದರೆ ನೂರರಲ್ಲಿ 70ಕ್ಕೂ ಹೆಚ್ಚು ಕಣ್ಣು ಕತ್ತಲಾಗಿಯೇ ಉಳಿದಿದ್ದವು. 92 ದಾಟಿದರೆ ನೂರರಲ್ಲಿ 90ಕ್ಕೂ ಮಿಕ್ಕಿ ಕಣ್ಣುಗಳಿಗೆ ಒಳ್ಳೆಯ ನೋಟ ಬಂದಿತ್ತು.

ನನ್ನ ತಕರಾರು ಒಂದಿದೆ. ಎಷ್ಟು ಕಾಣುತ್ತದೆಂದು ಮೂರು ವರ್ಷದ ಮಗು ಹೇಳೀತೇ? ಸಾಲದ್ದಕ್ಕೆ, ಏಳೆಂಟು ವರ್ಷದೊಳಗಿನ ಮಕ್ಕಳಲ್ಲಿ ಗಾಯ ಮಾಗಿದರೂ ಮಿದುಳು ಆ ಕಣ್ಣನ್ನು ಮರೆತುಬಿಡಬಹುದು. ಅದಕ್ಕೇ ಒಳ್ಳೆಯ ಕಣ್ಣಿಗೆ ದಿನವೂ ಕೆಲಹೊತ್ತು ಪಟ್ಟಿ ಹಾಕಿ, ಪೆಟ್ಟಾದದ್ದರಿಂದ ಕೆಲಸ ಮಾಡಿಸುತ್ತಾರೆ. ಮಗು ಅತ್ತು ಕಿತ್ತು ಹಾಕುತ್ತದೆ. ತಿಂಗಳುಗಟ್ಟಲೆ ಮತ್ತೆ ಕಟ್ಟುವವಳು ತಾಯಿ. ಆ ದುಡಿಮೆಗೆ ಕೂನ್ ಅವರ ಪಟ್ಟಿಯಲ್ಲಿ ಅಂಕವಿಲ್ಲ.

ನಮ್ಮ ಎಲೆಯಡಿಕೆ ತಟ್ಟೆಯ ಸುಣ್ಣಕ್ಕೂ ಈ ಪಟ್ಟಿ ಹೊಂದುವುದಿಲ್ಲ. ಸುಣ್ಣ ಬಿದ್ದ ಕಣ್ಣಿನ ಲಕ್ಷಣವನ್ನು 1965ರಲ್ಲಿ ರೋಪರ್-ಹಾಲ್ ಎಂಬ ಇಂಗ್ಲಿಷ್ ವೈದ್ಯ ವಿಂಗಡಿಸಿದ್ದಾನೆ. ಕರಿಗುಡ್ಡೆಯ ಸುತ್ತ ಕೆಂಪಗಿದ್ದರೆ ಆಸೆ ಉಂಟು. ರಕ್ತ ಸತ್ತು ಬೆಳ್ಳಗಾಗಿದ್ದರೆ ಕಷ್ಟ. ಚುಚ್ಚಿದ ಕಣ್ಣನ್ನು ತೊಳೆಯದೆ, ಒತ್ತದೆ ಒಯ್ಯಬೇಕು. ಸುಣ್ಣ ಬಿದ್ದದ್ದನ್ನು ಮಾತ್ರ ಬಚ್ಚಲಿನಲ್ಲೇ, ಕೊಡದಿಂದ ಸುರಿದು ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ತೊಳೆದೇ ಬಸ್ಸು ಹತ್ತಬೇಕು.