ಯೂರೋಪು ಖಂಡದಲ್ಲಿ ನಿರುದ್ಯೋಗಿಗಳ ಗಣನೆ

ರಾಷ್ಟ್ರಗಳ ಸುಖದುಃಖಗಳನ್ನು ಅಂಕೆಗಳಿಂದ ತೂಗಿ ನೋಡುವ ಪದ್ಧತಿಯು ಈಗ ಸರ್ವತ್ರ ರೂಢವಾಗಿದೆ. ನಿರುದ್ಯೋಗದ ಶೇಕಡಾ ಲೆಕ್ಕವೂ ಅಂತಹುದೇ ಒಂದು ತೂಕ. ಆದರೆ ತೂಗುವುದಕ್ಕೆ ಮುನ್ನ ತೂಕದ ಕಲ್ಲನ್ನು ಪರೀಕ್ಷಿಸಬೇಕೆಂಬುದನ್ನು ಯೂರೋಪಿನ ಚರಿತ್ರೆಯು ಚೆನ್ನಾಗಿ ತಿಳಿಸುತ್ತದೆ.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆಯು ಕುಸಿದ ಬಳಿಕ ಆರ್ಥಿಕ ವಿಪತ್ತು ಯೂರೋಪನ್ನೂ ಆವರಿಸಿತು. 1932ರ ಆರಂಭದಲ್ಲಿ ಜರ್ಮನಿಯಲ್ಲಿ ಹೆಸರು ದಾಖಲಾದ ನಿರುದ್ಯೋಗಿಗಳು 60 ಲಕ್ಷವನ್ನು ಮೀರಿದರು. 1933ರ ಮೊದಲಲ್ಲಿ ಬ್ರಿಟನ್ನಿನಲ್ಲಿ ಇವರ ಸಂಖ್ಯೆ ಸುಮಾರು 30 ಲಕ್ಷವಾಗಿದ್ದಿತು. ಫ್ರಾನ್ಸಿನಲ್ಲಾದರೋ 1935ರಲ್ಲಿ ಸಹಾಯಧನ ಪಡೆಯುತ್ತಿದ್ದವರು 5 ಲಕ್ಷದ ಆಸುಪಾಸಿನಲ್ಲಿದ್ದರು. ಸೋವಿಯೆಟ್ ರಷ್ಯವು 1930ರಲ್ಲಿಯೇ ತನ್ನಲ್ಲಿ ನಿರುದ್ಯೋಗವು ಅಳಿಯಿತೆಂದು ಸಾರಿ, ನಿರುದ್ಯೋಗಿಗಳಿಗೆ ಕೊಡುತ್ತಿದ್ದ ಸಹಾಯವನ್ನು ನಿಲ್ಲಿಸಿತು.

ಇಷ್ಟನ್ನೇ ಕಂಡವರು ಫ್ರೆಂಚರ ಭಾಗ್ಯವನ್ನು ಕೊಂಡಾಡಿಯಾರು. ಅಲ್ಲಿ ವಿಪತ್ತು ತಡವಾಗಿ ತಟ್ಟಿತೆಂಬುದು ದಿಟವೇ. ಆದರೆ ನಿರುದ್ಯೋಗ ವಿಮೆಯ ಕಾಯಿದೆಯನ್ನು ಬ್ರಿಟನ್ನು 1911ರಲ್ಲಿಯೂ ಜರ್ಮನಿಯು 1927ರಲ್ಲಿಯೂ ಮಾಡಿದ್ದುವು. ವಿಮೆಯ ಹಣಕ್ಕಾಗಿ ಜನರು ಹೆಸರು ಬರೆಯಿಸಿದರು. ಆದಕಾರಣ ಲೆಕ್ಕಕ್ಕೆ ಸಿಕ್ಕಿದರು. ಫ್ರಾನ್ಸಿನಲ್ಲಿ ಅಂತಹ ದೇಶವ್ಯಾಪಕವಾದ ವಿಮೆಯಿರಲಿಲ್ಲ. ಪರಿಹಾರನಿಧಿಯು ಎಲ್ಲ ಊರುಗಳಲ್ಲಿಯೂ ಇರಲಿಲ್ಲ. ಹಳ್ಳಿಯ ಹೊಲಕ್ಕೆ ಹಿಂದಿರುಗಿದವನು ಪಟ್ಟಿಗೆ ಸೇರಲಿಲ್ಲ. ಗಣಿಗಳಲ್ಲಿ ದುಡಿಯುತ್ತಿದ್ದ ಪೋಲೆಂಡಿನ ಕೂಲಿಗಾರರಲ್ಲಿ ಅನೇಕರನ್ನು ಸ್ವದೇಶಕ್ಕೆ ಸಾಗಿಸಲಾಯಿತು. ಬ್ರಿಟನ್ನಿನ ಪಟ್ಟಿಯೂ ನಿರ್ದುಷ್ಟವಲ್ಲ. 1931ರ ಒಂದು ಕಾಯಿದೆಯಿಂದ ಅಲ್ಲಿಯ ಅನೇಕ ವಿವಾಹಿತ ಸ್ತ್ರೀಯರು ಸಹಾಯಧನಕ್ಕೆ ಎರವಾದರು.

ಲಕ್ಷಣವು ಲಕ್ಷ್ಯದ ಒಂದು ಭಾಗವನ್ನು ಮುಟ್ಟದೆ ಹೋದರೆ ತಾರ್ಕಿಕರು ಅದನ್ನು ಅವ್ಯಾಪ್ತಿದೋಷವೆನ್ನುವರು. ಅಂದಿನ ಪಟ್ಟಿಗಳ ದೋಷವು ಇದೇ. 1919ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಶ್ರಯದಲ್ಲಿ ಈ ವಿಷಯವು ಬಹುಕಾಲ ವಿಚಾರಿತವಾಗಿ, 1982ರಲ್ಲಿ ಒಂದು ಲಕ್ಷಣವು ನಿಷ್ಕರ್ಷೆಯಾಯಿತು: ಕೆಲಸವಿಲ್ಲದವನು, ಕೆಲಸಕ್ಕೆ ಸಿದ್ಧನಾಗಿರುವವನು, ಕೆಲಸವನ್ನು ಅರಸುತ್ತಿರುವವನು ನಿರುದ್ಯೋಗಿ. ಈ ಬಗೆಯ ಒಂದೇ ಅಳತೆಯಿಂದ ಎಣಿಸಿದುದರಿಂದಲೇ 2013ರಲ್ಲಿ ಗ್ರೀಸಿಗೆ ಶೇಕಡ 27, ಸ್ಪೇಯಿನಿಗೆ 26, ಜರ್ಮನಿಗೆ 5ರಷ್ಟೆಂಬ ಅಂಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ನ್ಯಾಯವಾಯಿತು.

ಆದರೂ ವಾರದಲ್ಲಿ ಒಂದು ಗಂಟೆ ದುಡಿದು ಕೂಲಿ ಪಡೆದವನು ಈ ಲಕ್ಷಣದಂತೆ ಉದ್ಯೋಗಿ; ಬೇಸತ್ತು ಅರಸುವುದನ್ನೇ ಬಿಟ್ಟವನು ನಿರುದ್ಯೋಗಿಯಲ್ಲ. ಆಸ್ಟ್ರಿಯದ ಮಾರಿಯೆಂಥಾಲ್ ಎಂಬ ಹಳ್ಳಿಯಲ್ಲಿ ಬಟ್ಟೆಯ ಗಿರಣಿಯು ಮುಚ್ಚಿದ ಮೇಲೆ ಮೇರಿ ಯಹೋಡಾ ಮೊದಲಾದ ಪಂಡಿತರು ಅಲ್ಲಿಯ ಜನಜೀವನವನ್ನು ಪರಿಶೀಲಿಸಿ 1933ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬಿಡುವು ಹೆಚ್ಚಿದರೂ ಪುಸ್ತಕಭಂಡಾರದಿಂದ ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದರು; ಗಂಡಸರ ನಡಿಗೆಯೇ ನಿಧಾನವಾಗಿತ್ತು. ಆಸೆಯನ್ನು ತೊರೆದ ಇಂತಹವರು ಹೆಚ್ಚಿದಷ್ಟೂ ಪಟ್ಟಿಯ ಅಂಕೆಯು ಇಳಿಯುತ್ತದೆ. ಆದುದರಿಂದ ಇಳಿದ ಅಂಕೆಯನ್ನು ಕಂಡು ಹಿಗ್ಗುವ ಮುನ್ನ, ಜನರು ಕೆಲಸಕ್ಕೆ ಸೇರಿದರೋ ಅಥವಾ ಲೆಕ್ಕದಿಂದ ಜಾರಿದರೋ ಎಂಬುದನ್ನು ವಿಚಾರಿಸಬೇಕು.